ಆರು ಲಕ್ಷದೊಳಗೆ ನಡೆಯುವ ಹ್ಯೂಮನಾಯ್ಡ್: ಮೋಟಾರು ಕೊಂಡೆವು, ಮೈ ನಾವೇ ಅಚ್ಚು ಹಾಕಿದೆವು

ಹುಬ್ಬಳ್ಳಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಈಗ ಒಂದು ಹ್ಯೂಮನಾಯ್ಡ್, ಅಂದರೆ ಮನುಷ್ಯಾಕಾರದ ರೋಬೋಟ್, ನಡೆಯುತ್ತಿದೆ. ಎತ್ತರ ಸುಮಾರು ಎರಡು ಅಡಿ, ತೂಕ ಮೂರೂವರೆ ಕಿಲೋ. ಗ್ರಾನೈಟ್ ನೆಲದ ಮೇಲೂ ನಡೆಯುತ್ತದೆ, ಹಾಸಿದ ಜಮಖಾನದ ಮೇಲೂ ನಡೆಯುತ್ತದೆ. ಹಿಂದಿನಿಂದ ಬೆರಳಲ್ಲಿ ತಳ್ಳಿದರೆ ಎರಡು ಹೆಜ್ಜೆ ಇಟ್ಟು ಸಾವರಿಸಿಕೊಳ್ಳುತ್ತದೆ. ಒಟ್ಟು ಖರ್ಚು, ನೆನಪಿನಿಂದ ಹೇಳುವುದಾದರೆ, ಐದು ಮುಕ್ಕಾಲು ಲಕ್ಷದ ಆಸುಪಾಸು. ಇದು ಆಗುವುದಿಲ್ಲ ಅಂದವರೇ ಹೆಚ್ಚು. ಖರೀದಿ ಸಮಿತಿಯಲ್ಲಿ ಹಿರಿಯರೊಬ್ಬರು ನೇರವಾಗಿ ಕೇಳಿದ್ದರು: "ಆಟಿಗಿ ಸಾಮಾನು ತರಾಕ ಐದಾರು ಲಕ್ಷ ಬೇಕೇನ್ರಿ ಸರ? ತಂದ್ರ ಪೂರಾ ರೋಬೋಟ್ ತರ್ರಿ, ಇಲ್ಲಂದ್ರ ಬಿಡ್ರಿ." ಮೊನ್ನೆ ಅವರೇ ತಮ್ಮ ಮೊಮ್ಮಗನನ್ನು ಕರೆತಂದು ತೋರಿಸಿ ಹೋದರು.

ಅವರು ಹೇಳಿದ ಪೂರಾ ರೋಬೋಟಿನ ಲೆಕ್ಕವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಹೆಚ್ಚಿನ ಕಾಲೇಜುಗಳು ಎಡವುವುದು ಅಲ್ಲೇ. 2024ರ ಮೇ ತಿಂಗಳಲ್ಲಿ ಚೀನಾದ ಯೂನಿಟ್ರಿ ಕಂಪನಿಯ ಜಿ1 ರೋಬೋಟ್ ಬಂದಾಗ 16,000 ಡಾಲರ್ ಅನ್ನುವ ಬೆಲೆ ಎಲ್ಲರ ವಾಟ್ಸಾಪಿನಲ್ಲೂ ಓಡಾಡಿತು. ಹದಿಮೂರು-ಹದಿನಾಲ್ಕು ಲಕ್ಷಕ್ಕೆ ನಾಲ್ಕಡಿ ಮೀರಿದ ಹ್ಯೂಮನಾಯ್ಡ್ ಅಂದರೆ ಯಾರಿಗೆ ಬೇಡ? ಆದರೆ ಆ ಬೆಲೆ ಮೂಲ ಮಾದರಿಯದು. ಅದರಲ್ಲಿ ನಮ್ಮ ಕೋಡ್ ಓಡಿಸಲು ಅವಕಾಶವಿಲ್ಲ, ರಿಮೋಟಿನಲ್ಲಿ ಆಡಿಸಬಹುದು ಅಷ್ಟೇ. ಸಂಶೋಧನೆಗೆ ಬೇಕಾದದ್ದು ನಮ್ಮ ಕೋಡ್ ಓಡಿಸಲು ಬಿಡುವ ಇಡಿಯು (EDU) ಮಾದರಿ. ಅದಕ್ಕೆ ನಮಗೆ ಬಂದ ಕೊಟೇಶನ್ ನಲವತ್ತು ಲಕ್ಷದ ಆಚೆ ಇತ್ತು. ಹೊರಗಿನಿಂದ ತರಿಸಿದರೆ ಕಸ್ಟಮ್ಸ್ ಸುಂಕ, ಅದರ ಮೇಲಿನ ಸರ್ಚಾರ್ಜ್, ಶೇ. 18ರ ಐಜಿಎಸ್‌ಟಿ ಎಲ್ಲ ಸೇರಿ ಬೆಲೆಯ ಕಾಲು ಭಾಗಕ್ಕೂ ಹೆಚ್ಚು ಮೇಲೆ ಬೀಳುತ್ತದೆ. ಮೂವತ್ತೈದು ಕಿಲೋ ಯಂತ್ರ ವಿಮಾನದಲ್ಲಿ ಬರುವ ಬಾಡಿಗೆ ಬೇರೆ. ಬಿದ್ದು ಮೊಣಕಾಲು ಮುರಿದರೆ ವಾಪಸ್ ಕಳಿಸುವುದು ಎಲ್ಲಿಗೆ, ಎಷ್ಟು ತಿಂಗಳಿಗೆ? ಸೆಮಿಸ್ಟರೇ ಮುಗಿದಿರುತ್ತದೆ.

ನಾವೋ (NAO) ಅನ್ನುವ ಪುಟ್ಟ ಹ್ಯೂಮನಾಯ್ಡ್ ಬಗ್ಗೆಯೂ ಕೇಳಿದವರಿದ್ದಾರೆ. ಒಳ್ಳೆಯ ಯಂತ್ರ, 58 ಸೆಂಟಿಮೀಟರ್, 25 ಕೀಲು, 2008ರಿಂದ ರೋಬೋಕಪ್ (ರೋಬೋಟುಗಳ ಫುಟ್‌ಬಾಲ್) ಆಡಿದ ಅನುಭವ ಅದಕ್ಕಿದೆ. ಆದರೆ ಅದನ್ನು ಮಾಡುತ್ತಿದ್ದ ಫ್ರಾನ್ಸಿನ ಅಲ್ಡೆಬರಾನ್ 2025ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಗಿ ಕೈ ಬದಲಾಯಿತು. ಒಂದೇ ಕಂಪನಿಯ ಬಿಡಿಭಾಗ ನಂಬಿಕೊಂಡು ಹತ್ತು ವರ್ಷದ ಲ್ಯಾಬ್ ಕಟ್ಟಲು ನನಗೆ ಧೈರ್ಯ ಬರಲಿಲ್ಲ.

ಇನ್ನು ನಮ್ಮ ವಿಭಾಗದಲ್ಲೇ ಮೊದಲಿನಿಂದ ಇದ್ದ ಅಗ್ಗದ ಹ್ಯೂಮನಾಯ್ಡ್: ಹದಿನೇಳು ಹಾಬಿ ಸರ್ವೋ (ಹೇಳಿದ ಕೋನಕ್ಕೆ ತಿರುಗುವ ಪುಟ್ಟ ಮೋಟಾರು), ಅರವತ್ತು ಸಾವಿರದ ಆಸುಪಾಸು. ಕುಣಿಯುತ್ತದೆ, ಲಾಗ ಹಾಕುತ್ತದೆ, ಓಪನ್ ಡೇಗೆ ಚೆನ್ನ. ಆದರೆ ಆ ಸರ್ವೋಗಳು ತಾವು ಯಾವ ಕೋನದಲ್ಲಿದ್ದೇವೆ ಎಂದು ಹಿಂದಕ್ಕೆ ಹೇಳುವುದಿಲ್ಲ. ಕೀಲಿನ ಕೋನ ಓದಲಾಗದ ರೋಬೋಟಿನ ಮೇಲೆ ಎಂಟೆಕ್ ಹುಡುಗ ಏನು ಪ್ರಬಂಧ ಬರೆಯಬೇಕು? ಅದು ಬೀರುವಿನಲ್ಲೇ ಉಳಿಯಿತು.

ದಾರಿ ಸಿಕ್ಕಿದ್ದು 2025ರ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಟಾಡ್ಲರ್‌ಬಾಟ್ ಅನ್ನುವ ಪುಟ್ಟ ಹ್ಯೂಮನಾಯ್ಡಿನ ನಕ್ಷೆ, ಕೋಡ್ ಎಲ್ಲ ಬಿಟ್ಟುಕೊಟ್ಟಾಗ. 30 ಕೀಲು, 0.56 ಮೀಟರ್, 3ಡಿ ಪ್ರಿಂಟ್ ಮೈ, ತಾನಿರುವ ಕೋನವನ್ನು ಹಿಂದಕ್ಕೆ ಹೇಳುವ ಡೈನಮಿಕ್ಸೆಲ್ ಮೋಟಾರು. ಒಟ್ಟು ಖರ್ಚು 6,000 ಡಾಲರಿನೊಳಗೆ, ಅದರಲ್ಲಿ ಶೇ. 90ರಷ್ಟು ಮೋಟಾರು ಮತ್ತು ಕಂಪ್ಯೂಟರಿಗೇ ಹೋಗುತ್ತದೆ ಅಂತ ಅವರೇ ಬರೆದಿದ್ದರು. ಆ ಸಾಲು ಓದಿದಾಗಲೇ ನನ್ನ ಖರೀದಿಯ ಲೆಕ್ಕಾಚಾರ ಬದಲಾಯಿತು. ಹಣವೆಲ್ಲ ಮೋಟಾರಿನಲ್ಲೇ ಇದೆ ಅಂದಮೇಲೆ ಮೋಟಾರನ್ನೇ ಕೊಳ್ಳೋಣ, ಮೈಯನ್ನು ಆ ನಕ್ಷೆಯಿಂದ ನಾವೇ ಪ್ರಿಂಟ್ ಮಾಡೋಣ. ರೋಬೋಟ್ ಹಳತಾದರೂ ಮೋಟಾರು ಹಳತಾಗುವುದಿಲ್ಲ, ನಾಳೆ ಬೇರೆ ಮೈಗೆ ಹಾಕಬಹುದು.

ಪೂರ್ತಿ ಯೋಜನೆಗೆ ಒಮ್ಮೆಲೇ ಒಪ್ಪಿಗೆ ಪಡೆದೆ. ಖರೀದಿ ಮಾತ್ರ ಮೂರು ಕಂತು: ಮೊದಲು ಎರಡು ಕಾಲು, ಆಮೇಲೆ ಸೊಂಟ ಮತ್ತು ಕೈ, ಕೊನೆಗೆ ಕುತ್ತಿಗೆ, ಕ್ಯಾಮೆರಾ, ಕಂಪ್ಯೂಟರ್. ಕಾಲು ನಡೆಯದಿದ್ದರೆ ಎರಡನೇ ಕಂತು ಕೇಳುವುದಿಲ್ಲ ಅಂತ ಸಮಿತಿಗೆ ಬರೆದುಕೊಟ್ಟೆ. ಈ ಒಂದು ಸಾಲಿಗೇ ಸಹಿ ಬಿದ್ದಿದ್ದು. ಮೋಟಾರುಗಳನ್ನು ದೇಶದೊಳಗಿನ ಡೀಲರ್ ಮೂಲಕ ಜಿಎಸ್‌ಟಿ ಬಿಲ್ಲಿನಲ್ಲೇ ತರಿಸಿದೆವು. ನೇರ ಆಮದಿಗಿಂತ ಸ್ವಲ್ಪ ದುಬಾರಿ, ಆದರೆ ಆಡಿಟ್‌ನಲ್ಲಿ ಒಂದೂ ಪ್ರಶ್ನೆ ಬರಲಿಲ್ಲ, ಸುಟ್ಟ ಒಂದು ಮೋಟಾರು ವಾರಂಟಿಯಲ್ಲಿ ಬದಲಾಗಿಯೂ ಬಂತು. ಮೋಟಾರಿಗೆ ನಾಲ್ಕು ಲಕ್ಷಕ್ಕೆ ಸ್ವಲ್ಪ ಕಡಿಮೆ, ಮೈಯೊಳಗಿನ ಕಂಪ್ಯೂಟರ್ ಆದ ಜೆಟ್ಸನ್ ಬೋರ್ಡಿಗೆ ಮೂವತ್ತು ಸಾವಿರದ ಹತ್ತಿರ, ಬೇರಿಂಗು, ಸ್ಕ್ರೂ, ಇನ್ಸರ್ಟಿಗೆ ಹದಿನೈದು ಸಾವಿರ. ಫಿಲಮೆಂಟ್ (ಪ್ರಿಂಟರಿನ ಪ್ಲಾಸ್ಟಿಕ್ ಎಳೆ) ಲೆಕ್ಕಕ್ಕೇ ಬರುವುದಿಲ್ಲ, ಕಿಲೋಗೆ ಸಾವಿರದಂತೆ ಏಳೆಂಟು ಕಿಲೋ, ಹಾಳಾದದ್ದೂ ಸೇರಿ. ಉಳಿದದ್ದು ಬಿಡಿ ಮೋಟಾರು, ಬ್ಯಾಟರಿ, ಓಡಾಟ. ಬೆರಳ ಹಿಡಿತದ ಭಾಗ ಕೈಬಿಟ್ಟೆವು, ಅಲ್ಲಿ ಸ್ವಲ್ಪ ಉಳಿಯಿತು. ನಡಿಗೆಯನ್ನು ಮೊದಲು ಕಂಪ್ಯೂಟರಿನೊಳಗೇ ಕಲಿಸುವ ಸಿಮ್ಯುಲೇಶನ್ ತರಬೇತಿಗೆ ಕಂಪ್ಯೂಟರ್ ಸೈನ್ಸ್ ವಿಭಾಗದ ಜಿಪಿಯು ರಾತ್ರಿ ಹೊತ್ತು ನಮಗೆ ಸಿಗುತ್ತಿತ್ತು. ಅದನ್ನು ಕೊಳ್ಳಬೇಕಾದವರು ಲಕ್ಷ, ಒಂದೂವರೆ ಲಕ್ಷ ಸೇರಿಸಿಕೊಳ್ಳಿ.

ಬ್ಯಾಟರಿಯನ್ನು ಮಾತ್ರ ಪಾರ್ಸೆಲ್ಲಿನಲ್ಲಿ ತರಿಸಬೇಡಿ. ಬೇರೊಂದು ಯೋಜನೆಗೆ ಪೂರೈಕೆದಾರರೊಬ್ಬರು ಲಿಥಿಯಂ ಪ್ಯಾಕ್ ಸೇರಿಸಿ ಕಳಿಸಿದ ಪೆಟ್ಟಿಗೆ ಏರ್ ಕಾರ್ಗೋದಲ್ಲಿ ವಾರಗಟ್ಟಲೆ ಕೂತಿತು. ಕಾಗದ ಪತ್ರ ಓಡಾಡುವಷ್ಟರಲ್ಲಿ ಡೆಮರೇಜ್ (ಸರಕು ಬಿಡಿಸದೆ ಉಳಿದದ್ದಕ್ಕೆ ಬೀಳುವ ಬಾಡಿಗೆ) ಬ್ಯಾಟರಿ ಬೆಲೆಯನ್ನೂ ಮೀರಿತ್ತು. ಡ್ರೋನ್‌ನವರು ಬಳಸುವ 3ಎಸ್ (ಮೂರು ಸೆಲ್ಲಿನ) ಪ್ಯಾಕ್ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ, ಬಸ್ಸಿನಲ್ಲಿ ಕೈಯಲ್ಲೇ ಹಿಡಿದು ತಂದೆವು.

ಮೊದಲು ಅಗ್ಗದ ದಾರಿಯನ್ನೂ ನೋಡಿದೆವು. ಫೀಟೆಕ್ ಎಸ್‌ಟಿಎಸ್3215 ಸರ್ವೋ, ಒಂದಕ್ಕೆ ಎರಡು ಸಾವಿರದೊಳಗೆ. ಹಗ್ಗಿಂಗ್ ಫೇಸ್ ಕಂಪನಿಯವರ ಎಸ್‌ಒ-101 ರೋಬೋಟ್ ತೋಳಿನಲ್ಲಿ ಇರುವುದು ಇದೇ. ಕೋನವನ್ನೂ ಹೇಳುತ್ತದೆ, ಬಲವೂ ಇದೆ. ಓಪನ್ ಡಕ್ ಮಿನಿ ಅನ್ನುವ ಬಾತುಕೋಳಿ ರೋಬೋಟ್ ಇದರಲ್ಲೇ ನಡೆಯುತ್ತದೆ, ನಮ್ಮ ಹುಡುಗರು ಅದನ್ನೂ ಕಟ್ಟಿ ನಡೆಸಿದರು. ಆದರೆ ಮೂರೂವರೆ ಕಿಲೋ ಮೈ ಹೊತ್ತಾಗ ಪಾದದ ಕೀಲಿನ ಗೇರ್ ಸಡಿಲ ಎದ್ದು ಕಾಣುತ್ತದೆ. ಸಿಮ್ಯುಲೇಶನ್ನಿನಲ್ಲಿ ನಡೆದದ್ದು ನೆಲದ ಮೇಲೆ ನಿಂತಲ್ಲೇ ನಡುಗುತ್ತದೆ. ಹಾಗಾಗಿ ಮೊದಲ ಸೆಮಿಸ್ಟರಿನ ಕಲಿಕೆಗೆ ಫೀಟೆಕ್ ತೋಳು, ನಡಿಗೆಗೆ ಡೈನಮಿಕ್ಸೆಲ್. ಇದರಲ್ಲಿ ನನಗೆ ಈಗ ಯಾವ ಅನುಮಾನವೂ ಇಲ್ಲ.

ಹೆಚ್ಚು ಸತಾಯಿಸಿದ್ದು ಮೂರು ಸಂಗತಿ.

ಒಂದು, ನಮ್ಮ ಬೇಸಿಗೆ. ಮೈ ಪ್ರಿಂಟ್ ಮಾಡಿದ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ನಮ್ಮ ಡೈನಮಿಕ್ಸೆಲ್‌ಗಳಲ್ಲಿ ಎಕ್ಸ್‌ಎಂ430 ಮೋಟಾರು 80 ಡಿಗ್ರಿವರೆಗೆ ತಾನಾಗಿ ನಿಲ್ಲುವುದಿಲ್ಲ, ಎಕ್ಸ್‌ಎಲ್430 ಕೂಡ 72ರವರೆಗೆ ತಡೆಯುತ್ತದೆ. ಮೋಟಾರಿಗೆ ಏನೂ ಆಗುವುದಿಲ್ಲ, ಅದನ್ನು ಹಿಡಿದ ಬ್ರಾಕೆಟ್ ಮಾತ್ರ ಬಿಸಿಗೆ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಬಿಗಿ ಮಾಡಿದ ಮೊಣಕಾಲಿನ ಸ್ಕ್ರೂಗಳು ಮಧ್ಯಾಹ್ನಕ್ಕೆ ಉಗುರಿನಲ್ಲಿ ತಿರುಗುವಷ್ಟು ಸಡಿಲ. ಸ್ಕ್ರೂ ತಲೆ ಪ್ಲಾಸ್ಟಿಕ್ಕಿನಲ್ಲಿ ಅರ್ಧ ಮಿಲಿಮೀಟರ್ ಗುಳಿ ಮಾಡಿಕೊಂಡು ಕೂತಿರುತ್ತಿತ್ತು. ಹೆಚ್ಚು ಬಿಸಿ ತಡೆಯುವ ಪಿಇಟಿಜಿ ಪ್ಲಾಸ್ಟಿಕ್ಕಿನಲ್ಲಿ ಪೂರ್ತಿ ಕಾಲು ಅಚ್ಚು ಹಾಕಿದೆವು, ಅದು ಬಳುಕುತ್ತದೆ, ನಡಿಗೆ ಕೆಟ್ಟಿತು. ಈಗ ಕಾಲಿನ ಉದ್ದ ಭಾಗ ಪಿಎಲ್‌ಎ, ಮೋಟಾರು ತಾಗುವ ಬ್ರಾಕೆಟ್ ಮಾತ್ರ ಪಿಇಟಿಜಿ, ಸ್ಕ್ರೂ ತಲೆಯಡಿ ಅಗಲದ ಸ್ಟೀಲ್ ವಾಷರ್, ಮೋಟಾರಿನ ತಾಪಮಿತಿ ಐವತ್ತೈದಕ್ಕೆ ಇಳಿಸಿದ್ದೇವೆ. ಬ್ರಾಕೆಟ್ಟನ್ನು ಪ್ರಿಂಟರಿನ ಬೆಡ್ ಮೇಲೆ ಮಲಗಿಸಿಯೇ ಪ್ರಿಂಟ್ ಮಾಡಿ. ನಿಲ್ಲಿಸಿ ಮಾಡಿದವು ಪದರದ ಗುಂಟ ಬಿರುಕು ಬಿಟ್ಟವು.

ಎರಡು, ಕರೆಂಟು. ಕುಕ್ಕರಗಾಲಿನಿಂದ ಏಳುವಾಗ ವೋಲ್ಟೇಜ್ ಕುಸಿದು ಮೋಟಾರುಗಳೆಲ್ಲ ಒಮ್ಮೆಗೇ ರೀಸ್ಟಾರ್ಟ್ ಆಗಿ ಮೈ ನೆಲಕ್ಕೆ ಬೀಳುತ್ತಿತ್ತು. ಬ್ಯಾಟರಿ ದುರ್ಬಲ ಅಂದುಕೊಂಡು ದೊಡ್ಡದು ಹಾಕಿದರೂ ಹಾಗೇ. ತೊಂದರೆ ಇದ್ದದ್ದು ಒಂದು ಮೋಟಾರಿನಿಂದ ಮುಂದಿನದಕ್ಕೆ ಸರಪಳಿಯಂತೆ ಹೋಗುವ (ಡೈಸಿ ಚೈನ್) ಸಣ್ಣ ವೈರಿನಲ್ಲಿ. ಸೊಂಟದಿಂದ ಪಾದದವರೆಗೆ ಆರು ಮೋಟಾರಿನ ಕರೆಂಟು ಒಂದೇ ಎಳೆಯಲ್ಲಿ ಹರಿಯಬೇಕು. ಪಾದದ ಕಡೆಯಿಂದಲೂ ಪ್ರತ್ಯೇಕ ದಪ್ಪ ವೈರಿನಲ್ಲಿ ಕರೆಂಟು ಕೊಟ್ಟ ದಿನ ಆ ರೋಗ ಹೋಯಿತು.

ಮೂರನೆಯದು ಕಣ್ಣಿಗೆ ಕಾಣುವುದಿಲ್ಲ. ಸೆಕೆಂಡಿಗೆ 50 ಸಲ (50 ಹರ್ಟ್ಜ್) ಕೋನ ಓದಿ ಮೋಟಾರಿಗೆ ಆಜ್ಞೆ ಕೊಡುವ ಕಂಟ್ರೋಲ್ ಲೂಪ್ ಬರೆದಿದ್ದೆವು, ಓಡುತ್ತಲೂ ಇತ್ತು, ಆದರೆ ನಡಿಗೆ ಕುಡಿದವನಂತೆ ತೂರಾಡುತ್ತಿತ್ತು. ಕಂಪ್ಯೂಟರಿಗೆ ಮೋಟಾರು ಜೋಡಿಸುವ ಯು2ಡಿ2 ಅಡಾಪ್ಟರಿನೊಳಗಿನ ಎಫ್‌ಟಿಡಿಐ ಚಿಪ್ಪಿಗೆ ಲಿನಕ್ಸ್ ಕೊಡುವ ಲೇಟೆನ್ಸಿ ಟೈಮರ್ (ಬಂದ ಮಾಹಿತಿಯನ್ನು ತಡೆದಿಡುವ ಅವಧಿ) 16 ಮಿಲಿಸೆಕೆಂಡ್. 20 ಮಿಲಿಸೆಕೆಂಡಿನ ಲೂಪಿನಲ್ಲಿ 16 ಅಲ್ಲೇ ಹೋದರೆ ಉಳಿಯುವುದೇನು? ಅದನ್ನು 1ಕ್ಕೆ ಇಳಿಸಿ, ಬಾಡ್ ರೇಟನ್ನು (ಮಾಹಿತಿ ಹರಿಯುವ ವೇಗ) ಮೂಲ 57600ರಿಂದ ಮೇಲೆತ್ತಿ, ಎರಡು ಕಾಲಿಗೂ ಬೇರೆ ಬೇರೆ ಅಡಾಪ್ಟರ್ ಕೊಟ್ಟೆವು. ಸಿಮ್ಯುಲೇಶನ್ನಿನಲ್ಲಿ ಕಲಿತ ಅದೇ ನಡಿಗೆಯ ಪ್ರೋಗ್ರಾಂ, ಏನೂ ಬದಲಿಸದೆ, ಸಂಜೆಗೆ ಲ್ಯಾಬಿನ ಈ ಗೋಡೆಯಿಂದ ಆ ಗೋಡೆಗೆ ನಡೆಯಿತು. ಹುಡುಗರ ಕೂಗಿಗೆ ಪಕ್ಕದ ಕ್ಲಾಸಿನವರೂ ಎದ್ದು ಬಂದರು.

ಸಿಮ್ಯುಲೇಶನ್ನಿಗೂ ನೆಲಕ್ಕೂ ಇರುವ ವ್ಯತ್ಯಾಸ ಮುಚ್ಚಲು ಮೋಟಾರಿನ ಘರ್ಷಣೆ ಅಳೆಯುವುದನ್ನು ಬಿಡಬೇಡಿ. ಮೋಟಾರಿನ ಪ್ರತಿ ಮಾದರಿಗೂ ಒಂದು ಲೋಲಕ ಕಟ್ಟಿ, ಬೇರೆ ಬೇರೆ ವೇಗದಲ್ಲಿ ತೂಗಿಸಿ, ಓದಿದ ಅಂಕಿಗಳನ್ನು ಮುಜೊಕೋ ಅನ್ನುವ ಸಿಮ್ಯುಲೇಟರಿಗೆ ಕೊಟ್ಟೆವು. ಯಾವ ಅಂಕಿಯನ್ನು ತರಬೇತಿಯಲ್ಲಿ ಎಷ್ಟು ಅಲ್ಲಾಡಿಸಿದೆವು ಅನ್ನುವುದನ್ನು ಹುಡುಗರ ಪೇಪರ್ ಬರುವವರೆಗೆ ಹೇಳುವ ಹಾಗಿಲ್ಲ. ಪಾದದಡಿಗೆ ಅಂಟಿಸಿದ ರಬ್ಬರು ಯಾವುದು ಅನ್ನುವುದೂ ಸದ್ಯಕ್ಕೆ ನಮ್ಮಲ್ಲೇ ಇರಲಿ. ಸೈಕಲ್ ಟ್ಯೂಬು, ಯೋಗಾ ಮ್ಯಾಟು, ಚಪ್ಪಲಿ ಸೋಲು ಎಲ್ಲ ನೋಡಿಯಾಗಿದೆ, ಅವ್ಯಾವೂ ಅಲ್ಲ ಅಂತ ಮಾತ್ರ ಹೇಳುತ್ತೇನೆ.

ನಡುವೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರ ಹ್ಯೂಮನಾಯ್ಡ್ ಲೈಟ್ ನೋಡಿ, ಪ್ರಿಂಟ್ ಮಾಡಿದ ಸೈಕ್ಲಾಯ್ಡಲ್ ಗೇರಿನ (ವೇಗ ಇಳಿಸಿ ಬಲ ಹೆಚ್ಚಿಸುವ ಗೇರು) ಮೊಣಕಾಲನ್ನೂ ಪ್ರಯತ್ನಿಸಿದೆವು. ಆ ರೋಬೋಟಿನ ಲೆಕ್ಕ 5,000 ಡಾಲರಿನೊಳಗೆ, 0.8 ಮೀಟರ್ ಎತ್ತರ, 16 ಕಿಲೋ. ಡ್ರೋನ್ ಮೋಟಾರು ಹಾಕಿ ತಿರುಗಿಸಿದಾಗ ಆ ಮೊಣಕಾಲಿನ ಬಲ ನೋಡಿ ಬೆರಗಾಯಿತು. ಕೆಲವು ವಾರ ಸತತ ತಿರುಗಿಸಿದ ಮೇಲೆ ಸಡಿಲ ಶುರುವಾಯಿತು. ಪಿನ್ನುಗಳನ್ನು ಗೋಕುಲ ರೋಡಿನ ಲೇಥಿನಲ್ಲಿ ಸ್ಟೀಲಿನಲ್ಲೇ ಮಾಡಿಸಿ ಮತ್ತೆ ಜೋಡಿಸಿದ್ದೇವೆ, ಈಗ ಟೆಸ್ಟ್ ಬೆಂಚಿನ ಮೇಲೆ ಓಡುತ್ತಿದೆ. ದೊಡ್ಡ ಮೈಗೆ ಹೋಗುವುದಾದರೆ ಇದೇ ದಾರಿ ಅಂತ ನನ್ನ ನಂಬಿಕೆ.

ಕನ್ನಡದ ಮಾತು ಇನ್ನೊಂದು ಹುಚ್ಚು. ಮಾತನ್ನು ಅಕ್ಷರಕ್ಕಿಳಿಸುವ ವಿಸ್ಪರ್‌ಗೆ ಕನ್ನಡ ಬರುತ್ತದೆ, ಆದರೆ ಸಣ್ಣ ಮಾದರಿಗೆ ನಮ್ಮ ಕಡೆಯ ಮಾತು ಹಿಡಿಯುವುದಿಲ್ಲ, ದೊಡ್ಡದು ಜೆಟ್ಸನ್ನಿಗೆ ಭಾರ. "ಮುಂದ ಬಾ", "ನಿಂದ್ರು", "ಕುಂದ್ರು", "ಕೈ ಎತ್ತು" ಹೀಗೆ ಹನ್ನೆರಡು ಆಜ್ಞೆಗಳನ್ನು ನೂರರ ಆಸುಪಾಸು ವಿದ್ಯಾರ್ಥಿಗಳ ಧ್ವನಿಯಲ್ಲಿ ರೆಕಾರ್ಡ್ ಮಾಡಿ ಪುಟ್ಟ ಮಾದರಿಯೊಂದನ್ನು ತರಬೇತುಗೊಳಿಸಿದೆವು. ಸರ್ಕಾರಿ ಶಾಲೆಗೆ ಒಯ್ದಾಗ ಏಳನೆಯ ತರಗತಿಯ ಹುಡುಗಿ "ನಿಂದ್ರು" ಅಂದದ್ದಕ್ಕೆ ನಿಂತಿತು. ಆಮೇಲೆ ಅವಳು ಕೇಳಿದ್ದು: "ಸರ, ಇದು ಬಿದ್ರ ತಾನ ಏಳತೈತೇನ್ರಿ?" ಅಂಗಾತ ಬಿದ್ದರೆ ಏಳುತ್ತದೆ, ಬೋರಲು ಬಿದ್ದರೆ ಇನ್ನೂ ಇಲ್ಲ. ಈ ವರ್ಷದ ಪ್ರಾಜೆಕ್ಟ್ ಬ್ಯಾಚಿಗೆ ಅದೇ ಕೆಲಸ ಕೊಟ್ಟಿದ್ದೇನೆ.

ಈವರೆಗೆ ಅದು ಎಷ್ಟು ಸಲ ಬಿದ್ದಿದೆಯೋ ಲೆಕ್ಕವಿಲ್ಲ. ಮುರಿದ ಭಾಗ ಸಂಜೆ ಪ್ರಿಂಟಿಗೆ ಹಾಕಿದರೆ ಬೆಳಿಗ್ಗೆ ಜೋಡಿಸುತ್ತೇವೆ, ಒಂದು ಸಲ ಬಿದ್ದರೆ ಹೆಚ್ಚೆಂದರೆ ನೂರಿನ್ನೂರು ರೂಪಾಯಿ. ಹಾಗಾಗಿ ಎರಡನೇ ಸೆಮಿಸ್ಟರಿನ ಮಕ್ಕಳ ಕೈಗೂ ಧೈರ್ಯವಾಗಿ ಕೊಡುತ್ತೇನೆ. ನಲವತ್ತು ಲಕ್ಷದ ಯಂತ್ರವನ್ನು ಯಾವ ವಿಭಾಗದ ಮುಖ್ಯಸ್ಥರು ಹಾಗೆ ಕೊಟ್ಟಾರು?

ಇಂಥದ್ದೇ ಎರಡನೆಯ ರೋಬೋಟಿಗೆ ಈಗ ಆರ್ಡರ್ ಹೋಗಿದೆ. ಈ ಸಲ ಪಾದದ ಮತ್ತು ಮೊಣಕಾಲಿನ ಮೋಟಾರು ತಲಾ ಎರಡು ಹೆಚ್ಚುವರಿ, ಕೇಬಲ್ಲು ದುಪ್ಪಟ್ಟು ಬರೆಸಿದ್ದೇನೆ. ಸೊಂಟದ ಹತ್ತಿರ ಕೇಬಲ್ ಮಡಿಚಿ ಮಡಿಚಿ ಒಳಗೇ ತುಂಡಾಗುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಮೋಟಾರು ಬಂದ ಕೂಡಲೇ ಒಂದೊಂದಾಗಿ ಹಚ್ಚಿ ಐಡಿ (ಮೋಟಾರಿನ ಗುರುತಿನ ಸಂಖ್ಯೆ) ಬದಲಿಸಿ ಮೈಮೇಲೆ ನಂಬರ್ ಚೀಟಿ ಅಂಟಿಸಿ. ಎಲ್ಲವೂ ಐಡಿ 1 ಆಗಿಯೇ ಬರುತ್ತವೆ, ಮೈಯೊಳಗೆ ಕೂರಿಸಿದ ಮೇಲೆ ಬದಲಿಸಲು ಹೋದರೆ ಮತ್ತೆ ಪೂರ್ತಿ ಬಿಚ್ಚಬೇಕು.