ಕೀಹೋಲಾ, ಓಪನ್ನಾ? ಗರ್ಭಕಂಠದ ಕ್ಯಾನ್ಸರ್ ಆಪರೇಷನ್ನಿನಲ್ಲಿ ನನ್ನ ಅನುಭವ

ಗರ್ಭಕಂಠದ ಕ್ಯಾನ್ಸರ್ ಮೊದಲ ಹಂತದಲ್ಲಿರುವಾಗಲೇ ನಮ್ಮ ಕೈಗೆ ಸಿಗುವವರು ಕಡಿಮೆ. ಕಾಯಿಲೆ ಬಲಿತು, ರೇಡಿಯೇಷನ್ನಿಗೇ ಕಳಿಸಬೇಕಾದ ಸ್ಥಿತಿಯಲ್ಲಿ ಬರುವವರೇ ಹೆಚ್ಚು. ಆಪರೇಷನ್ ಮಾಡಬಹುದಾದ ಹಂತದಲ್ಲಿ ಬಂದವರ ಮನೆಯವರದ್ದು ಒಂದೇ ಪ್ರಶ್ನೆ: "ಮೇಡಂ, ಕೀಹೋಲಲ್ಲಿ ಆಗುತ್ತಾ, ಇಲ್ಲ ಹೊಟ್ಟೆ ಕುಯ್ಯಲೇಬೇಕಾ?" ಬೆಳಿಗ್ಗೆ ಪೇಪರ್ ಬಿಚ್ಚಿದರೆ ರೋಬೋಟ್ ಸರ್ಜರಿಯ ಜಾಹೀರಾತು ಕಾಣುವ ಬೆಂಗಳೂರಿದು, ಕೇಳೋದು ಸಹಜವೇ.

2018ರವರೆಗೆ ನಾನೂ ರ್‍ಯಾಡಿಕಲ್ ಹಿಸ್ಟರೆಕ್ಟಮಿಯನ್ನು, ಅಂದರೆ ಗರ್ಭಕೋಶದ ಜೊತೆಗೆ ಅದರ ಅಕ್ಕಪಕ್ಕದ ಅಂಗಾಂಶ ಮತ್ತು ಯೋನಿಯ ಮೇಲ್ಭಾಗವನ್ನೂ ತೆಗೆಯುವ ಆಪರೇಷನ್ನನ್ನು, ಲ್ಯಾಪ್ರೋಸ್ಕೋಪಿಯಲ್ಲೇ, ಅಂದರೆ ಸಣ್ಣ ತೂತುಗಳ ಮೂಲಕ ಮಾಡುವ ಕೀಹೋಲ್ ವಿಧಾನದಲ್ಲೇ, ಮಾಡುತ್ತಿದ್ದೆ. ರಕ್ತ ಹೋಗುವುದು ಕಡಿಮೆ, ಪೇಷೆಂಟ್ ಬೇಗ ಎದ್ದು ಓಡಾಡುತ್ತಿದ್ದರು. ಆ ವರ್ಷದ ಕೊನೆಗೆ ಕೀಹೋಲನ್ನೂ ಓಪನ್ನನ್ನೂ ಹೋಲಿಸಿದ ಎಲ್‌ಎಸಿಸಿ ಟ್ರಯಲ್‌ನ ಫಲಿತಾಂಶ ಬಂತು. 33 ಕೇಂದ್ರಗಳು, 631 ಹೆಂಗಸರು. ಕೀಹೋಲ್ ಏನೂ ಕಮ್ಮಿಯಿಲ್ಲ ಎಂದು ತೋರಿಸಲು ಹೊರಟ ಟ್ರಯಲ್ ಅದು. ನಾಲ್ಕೂವರೆ ವರ್ಷದಲ್ಲಿ ಕಾಯಿಲೆ ಮರುಕಳಿಸದೆ ಉಳಿದವರು ಓಪನ್‌ನಲ್ಲಿ 96.5 ಶೇಕಡಾ, ಕೀಹೋಲ್‌ನಲ್ಲಿ 86. ಟ್ರಯಲ್ಲನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ನಮ್ಮಲ್ಲಿ ಕೆಲವರು "ಅವರ ಕೈ ಪಳಗಿರಲಿಲ್ಲ" ಎಂದು ವಾದಿಸಿದರು. ನನಗೆ ಆ ವಾದ ಹಿಡಿಸಲಿಲ್ಲ.

ಯಾಕೆ ಹೀಗಾಯಿತು ಎಂಬುದಕ್ಕೆ ಖಚಿತ ಉತ್ತರವಿಲ್ಲ. ಅನುಮಾನ ಮುಖ್ಯವಾಗಿ ಎರಡರ ಮೇಲೆ. ಗರ್ಭಕೋಶವನ್ನು ಅತ್ತಿತ್ತ ಆಡಿಸಲು ಗೆಡ್ಡೆಯಿರುವ ದಾರಿಯಲ್ಲೇ ಮ್ಯಾನಿಪ್ಯುಲೇಟರ್ ತೂರಿಸುವುದು ಒಂದು. ಗ್ಯಾಸ್ ತುಂಬಿದ ಹೊಟ್ಟೆಯೊಳಗೇ ಯೋನಿಯನ್ನು ಕತ್ತರಿಸಿದಾಗ ಗೆಡ್ಡೆ ಬಯಲಿಗೆ ಬೀಳುವುದು ಇನ್ನೊಂದು. ಹಾಗಾಗಿ ಈಗ ಓಪನ್ ಮಾಡುವಾಗಲೂ ಕೆಳಗಿನಿಂದ ಏನನ್ನೂ ಹಾಕುವುದಿಲ್ಲ. ಗರ್ಭಕೋಶದ ಎರಡು ಮೂಲೆಗಳಿಗೆ ಕ್ಲ್ಯಾಂಪ್ ಹಾಕಿ ಮೇಲಕ್ಕೆಳೆದು ಹಿಡಿಯುತ್ತೇನೆ. ಕೊನೆಗೆ ಗೆಡ್ಡೆಯ ಕೆಳಗೆ ಯೋನಿಯನ್ನು ಕ್ಲ್ಯಾಂಪಿನಿಂದ ಬಿಗಿದು, ಅದಕ್ಕೂ ಕೆಳಗೆ ಕತ್ತರಿಸುತ್ತೇನೆ. ಗೆಡ್ಡೆ ಕಣ್ಣಿಗೆ ಬೀಳದೆಯೇ ಹೊರಗೆ ಬರಬೇಕು.

ಹೆಚ್ಚು ಹೊತ್ತು ಹಿಡಿಯುವುದು ಮೂತ್ರನಾಳ. ಗರ್ಭಕೋಶದ ರಕ್ತನಾಳದ ಅಡಿಯಲ್ಲಿ ತೂರಿ ಮೂತ್ರಕೋಶಕ್ಕೆ ಹೋಗುವ ಅದನ್ನು ಫೋರ್ಸೆಪ್ಸ್‌ನಿಂದ ಮೆಲ್ಲಗೆ ಮುಟ್ಟಿದರೆ ಎರೆಹುಳುವಿನಂತೆ ಮಿಸುಕುತ್ತದೆ. ಹಾಗೆ ಮಿಸುಕಿದರೇನೇ ನನಗೆ ಸಮಾಧಾನ. ಮೂತ್ರಕೋಶಕ್ಕೆ ಹೋಗುವ ಸಣ್ಣ ನರಗಳೂ ಅದೇ ಜಾಗದಲ್ಲಿವೆ. ಅಕ್ಕಪಕ್ಕದ್ದನ್ನು ಅಗಲವಾಗಿ ತೆಗೆದಷ್ಟೂ ಅವಕ್ಕೆ ಪೆಟ್ಟು, ಮೂತ್ರ ಪೂರ್ತಿ ಹೊರಬರುವುದು ಕಷ್ಟ.

ವಾರ್ಡಿನಲ್ಲಿ ಅದರ ಪರಿಣಾಮ ಕಾಣುತ್ತದೆ. ಮಾಗಡಿ ಕಡೆಯ ಒಬ್ಬರು ರೌಂಡ್ಸ್‌ನಲ್ಲಿ ಅಂದರು, "ಹೊಲಿಗೆ ನೋವು ಹೋಯ್ತು ಮೇಡಂ, ಈ ಪೈಪ್ ಯಾವಾಗ ತೆಗೀತೀರಾ?" ಕ್ಯಾಥೆಟರ್ ತೆಗೆದ ಮೇಲೆ ಮೂತ್ರ ಮಾಡಿಸಿ, ಸ್ಕ್ಯಾನ್‌ನಲ್ಲಿ ಎಷ್ಟು ಉಳಿದಿದೆ ನೋಡುತ್ತೇವೆ. ನೂರು ಎಂಎಲ್ ಮೀರಿದ್ದರೆ ಮತ್ತೆ ಪೈಪೇ ಗತಿ. ಫಾಲೋಅಪ್‌ಗೆ ಬಂದವರು ಹೊಟ್ಟೆಯ ಗಾಯದ ಗುರುತಿನ ಮಾತೆತ್ತಿದ್ದು ನನಗೆ ನೆನಪಿಲ್ಲ, ಮೂತ್ರದ ಮಾತು ಆಡದವರು ಅಪರೂಪ.

ಆದ್ದರಿಂದಲೇ 2024ರಲ್ಲಿ ಪ್ರಕಟವಾದ ಶೇಪ್ ಟ್ರಯಲ್ ನನಗೆ ಇನ್ನೂ ದೊಡ್ಡದು. ಗೆಡ್ಡೆ 2 ಸೆಂಟಿಮೀಟರ್ ಒಳಗಿದ್ದು, ಎಂಆರ್‌ಐನಲ್ಲಿ ಗರ್ಭಕಂಠದ ಅರ್ಧದಷ್ಟು ಆಳಕ್ಕೂ ಇಳಿದಿಲ್ಲದವರಿಗೆ ಸಾದಾ ಹಿಸ್ಟರೆಕ್ಟಮಿ (ಅಕ್ಕಪಕ್ಕದ್ದನ್ನು ಬಿಟ್ಟು ಗರ್ಭಕೋಶ, ಗರ್ಭಕಂಠ ಮಾತ್ರ ತೆಗೆಯುವುದು) ಸಾಕೇ ಎಂದು 700 ಹೆಂಗಸರಲ್ಲಿ ನೋಡಿದರು. ಮೂರು ವರ್ಷದಲ್ಲಿ ಕಿಬ್ಬೊಟ್ಟೆಯಲ್ಲಿ ಮರುಕಳಿಸಿದ್ದು ಸಾದಾದಲ್ಲಿ 2.52 ಶೇಕಡಾ, ರ್‍ಯಾಡಿಕಲ್‌ನಲ್ಲಿ 2.17. ಮೂತ್ರದ ತೊಂದರೆ ಸಾದಾದಲ್ಲಿ ಸ್ಪಷ್ಟವಾಗಿ ಕಡಿಮೆ. ಅದರಲ್ಲಿ ಬಹುಪಾಲು ಆಪರೇಷನ್ ನಡೆದದ್ದು ಕೀಹೋಲ್‌ನಲ್ಲೇ!

ಹಾಗಾಗಿ ಒಪಿಡಿಯಲ್ಲಿ ಈಗ ಮೊದಲು ಎಂಆರ್‌ಐ ರಿಪೋರ್ಟಿನ ಸೆಂಟಿಮೀಟರ್‌ಗೆ ಗೆರೆ ಎಳೆಯುತ್ತೇನೆ. ಒಳಗೆ ಎಷ್ಟು ತೆಗೆಯಬೇಕು ಎಂಬುದು ಮೊದಲು, ಎಲ್ಲಿಂದ ತೆಗೆಯಬೇಕು ಎಂಬುದು ಆಮೇಲೆ. ಸಣ್ಣ ಗೆಡ್ಡೆಗೆ ಸಾದಾ ಆಪರೇಷನ್, ಜೊತೆಗೆ ಲಿಂಫ್ ಗಂಟುಗಳ ಪರೀಕ್ಷೆ. ಅಲ್ಲಿ ಕೀಹೋಲ್ ಬೇಕೆಂದರೆ ಎಲ್‌ಎಸಿಸಿಯ ಅಂಕಿಗಳನ್ನೂ ಮುಂದಿಟ್ಟು, ಮ್ಯಾನಿಪ್ಯುಲೇಟರ್ ಇಲ್ಲದೆ ಮಾಡುವುದಾದರೆ ಮಾತ್ರ ಒಪ್ಪುತ್ತೇನೆ. 2 ಸೆಂಟಿಮೀಟರ್ ದಾಟಿ, ಆಪರೇಷನ್ನಿಗೆ ಇನ್ನೂ ಒಗ್ಗುವ ಗೆಡ್ಡೆಗೆ ನನ್ನದು ಓಪನ್ನೇ, ರೋಬೋಟ್ ಪಕ್ಕದ ಥಿಯೇಟರಿನಲ್ಲಿ ಖಾಲಿ ನಿಂತಿದ್ದರೂ.