ಮೂರು ಚಪ್ಪಲಿ ಡಬ್ಬಿಯಲ್ಲಿ ಐದನೇ ತರಗತಿಯ ಪದಗಳು

"ಸರ್, ಡಬ್ಬಿ ಆಡಿಸ್ತಾ ಕೂತರೆ ಸಿಲೆಬಸ್ ಯಾವಾಗ ಮುಗಿಸ್ತೀರಿ?" ಅಂತ ಜೂನ್‌ನಲ್ಲಿ ಕೇಳಿದವರೇ ಫೆಬ್ರವರಿಯಲ್ಲಿ ಹೊಸ ಪದ ಕಲಿಸುವ ಆ ಚೀಟಿ ಡಬ್ಬಿ ನೋಡಲು ನನ್ನ ತರಗತಿಗೆ ಬಂದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಪದ, ಅರ್ಥ ಎರಡನ್ನೂ ಹಾಕಿಸಿ ಫ್ಲೆಕ್ಸ್ ಮಾಡಿಸಿದೆ, 800 ರೂಪಾಯಿ ಆಸುಪಾಸು. ವಾರದ ಮೇಲೆ ಯಾರೂ ತಲೆ ಎತ್ತಿ ನೋಡಲಿಲ್ಲ. ಲ್ಯಾಮಿನೇಟ್ ಮಾಡಿದ ಫ್ಲ್ಯಾಶ್ ಕಾರ್ಡಿಗೆ ಸುಮಾರು 1,500 ಹೋಯಿತು, ಅಷ್ಟು ಖರ್ಚು ಮಾಡಿದ್ದನ್ನು ಮಕ್ಕಳ ಕೈಗೆ ಕೊಡಲು ನಮಗೇ ಮನಸ್ಸು ಬರಲ್ಲ, ಅಲ್ವಾ? ಪದಗಳ ಅರ್ಥ ಐದೈದು ಸಲ ಬರೆಸಿದ್ದಂತೂ ಪೂರ್ತಿ ದಂಡ. 'ಆತುರ ಎಂದರೆ ಅವಸರ' ಅಂತ ಒಂದೇ ಉಸಿರಿಗೆ ಹೇಳುತ್ತಾರೆ, ವಾಕ್ಯ ಮಾಡು ಅಂದರೆ ಬಾಯಿ ಬಂದ್.

ಲೈಟ್ನರ್ ಡಬ್ಬಿ 1970ರ ದಶಕದಿಂದಲೂ ಇದೆ: ಪದದ ಚೀಟಿಗಳನ್ನು ಐದು ಡಬ್ಬಿಯಲ್ಲಿಟ್ಟು, ಸರಿ ಹೇಳಿದ್ದನ್ನು ಮುಂದಿನ ಡಬ್ಬಿಗೆ ಹಾಕುವುದು, ಮುಂದೆ ಹೋದಷ್ಟೂ ಅಪರೂಪಕ್ಕೆ ಕೇಳುವುದು. ನಾನು ಐದನ್ನು ಮೂರಕ್ಕೆ ಇಳಿಸಿದೆ. ಮೊದಲನೆಯದು ದಿನಾ, ಎರಡನೆಯದು ಸೋಮವಾರ ಮತ್ತು ಗುರುವಾರ, ಮೂರನೆಯದು ಹದಿನೈದು ದಿನಕ್ಕೊಮ್ಮೆ ಶನಿವಾರ. ಅರ್ಥ ಹೇಳಿದರೆ ಚೀಟಿ ಮುಂದೆ ಹೋಗಲ್ಲ, ಹೊಸ ವಾಕ್ಯ ಹೇಳಬೇಕು. ತಪ್ಪಿದರೆ ಸೀದಾ ಮೊದಲ ಡಬ್ಬಿಗೆ.

ನಿಜವಾಗಿ ಫಲ ಕೊಟ್ಟಿದ್ದು ಚೀಟಿಯ ಹಿಂಬದಿ. ಅಲ್ಲಿ ಪುಸ್ತಕದ ಅರ್ಥ ಬರೆಸಲಿಲ್ಲ, ಮನೆಯ ಮಾತು ಬರೆಸಿದೆ. ಆತುರಕ್ಕೆ ಗಡಿಬಿಡಿ, ನೇಗಿಲಿಗೆ ರಂಟಿ, ಪ್ರವಾಹಕ್ಕೆ 'ಹೊಳಿ ಬಂತು'. ಶಾಲೆಯಲ್ಲಿ ಮನೆ ಭಾಷೆ ಯಾಕೆ ಅಂತ ತಕರಾರು ಬಂತು, ನಾನು ಜಗ್ಗಲಿಲ್ಲ. 2019ರ ನೆರೆ ಕಂಡ ಊರು ನಮ್ಮದು. ಒಬ್ಬ ಹುಡುಗಿ 'ನಮ್ಮ ನೆರೆಮನೆಗೂ ನೆರೆ ನೀರು ನುಗ್ಗಿತ್ತು' ಅಂತ ಬರೆದಳು. ನಾನಾರ್ಥಕ್ಕೆ ಬೇರೆ ಪಾಠವೇ ಬೇಕಾಗಲಿಲ್ಲ.

ವಾರಕ್ಕೆ ಆರು ಪದ, ಅದಕ್ಕಿಂತ ಜಾಸ್ತಿ ಬೇಡ. ಪಾಠದಲ್ಲಿ ಯಾವ ಆರನ್ನು ಆರಿಸಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ, ಅದನ್ನು ಇಲ್ಲಿ ಬರೆಯಲ್ಲ, ಕೇಳಬೇಕಿದ್ದರೆ ಶಾಲೆಗೇ ಬನ್ನಿ. ವರ್ಷದ ಕೊನೆಗೆ ಜಾಸ್ತಿ ಮಕ್ಕಳ ಮೂರನೇ ಡಬ್ಬಿಯಲ್ಲಿ 120ರಿಂದ 150 ಚೀಟಿ ಇದ್ದವು. ಯಾವುದೋ 20 ಎತ್ತಿ ಕೇಳಿದರೆ 14-15ಕ್ಕೆ ವಾಕ್ಯ ಬರುತ್ತಿತ್ತು, ಹಳೇ ಪದ್ಧತಿಯಲ್ಲಿ ಐದಾರು ಬಂದರೆ ಹೆಚ್ಚು. ಮೂವತ್ತು ಮಕ್ಕಳ ತರಗತಿಯಲ್ಲಿ ಇದು ಸಣ್ಣ ಮಾತಲ್ಲ.

ನಡುವೆ ತತ್ಸಮ-ತದ್ಭವಕ್ಕೆ ಜೋಡಿ ಚೀಟಿ ಮಾಡಿ ನೋಡಿದೆ. ಪಕ್ಷಿ-ಹಕ್ಕಿ, ಮುಖ-ಮೊಗ ಬೇಗ ಹತ್ತಿದವು. ಕಾರ್ಯ-ಕಜ್ಜ ಎಷ್ಟು ಸಲ ಬಂದರೂ ನಿಲ್ಲಲಿಲ್ಲ. ಕಜ್ಜ ಅಂತ ಮನೆಯಲ್ಲಿ ಯಾರೂ ಅನ್ನಲ್ಲ, ಹಿಂಬದಿಗೆ ಬರೆಯಲು ಏನೂ ಇರಲ್ಲ. ಅಂಥವನ್ನು ಈಗ ಡಬ್ಬಿಗೇ ಹಾಕಲ್ಲ, ಹಾಗೇ ಬಾಯಿಪಾಠ ಮಾಡಿಸುತ್ತೇನೆ.

ಒಟ್ಟು ಖರ್ಚು 200 ದಾಟಲಿಲ್ಲ, ಅದೂ ರಬ್ಬರ್ ಬ್ಯಾಂಡ್ ಮತ್ತು ಸ್ಕೆಚ್ ಪೆನ್ನಿಗೆ. ಡಬ್ಬಿ ಚಪ್ಪಲಿ ಅಂಗಡಿಯವರು ಸುಮ್ನೆ ಕೊಟ್ಟರು. ಚೀಟಿಗೆ ಹಳೇ ಲಗ್ನಪತ್ರಿಕೆ, ಒಂದರಲ್ಲಿ ನಾಲ್ಕು ಬರುತ್ತವೆ. ಜೂನ್‌ನಲ್ಲಿ ಶುರು ಮಾಡುವವರು ಮದುವೆ ಸೀಸನ್ನಿನಲ್ಲೇ ಕೂಡಿಸಿಟ್ಟುಕೊಳ್ಳಿ. ಎರಡೂ ಬದಿ ಹೊಳಪು ಇರುವವು ಬೇಡ, ಅದರ ಮೇಲೆ ಪೆನ್ಸಿಲ್ ಮೂಡಲ್ಲ.