1941ರ ಬೇಸ್‌ಬಾಲ್: ಮೊದಲ ಸ್ಥಾನ ಯಾರಿಗೆ ಕೊಟ್ಟೆ, ಯಾಕೆ ಕೊಟ್ಟೆ

1941ರ ಬೇಸ್‌ಬಾಲ್ ಸೀಸನ್ ಬಗ್ಗೆ ಮಾತು ಬಂದರೆ ಎರಡು ಸಂಖ್ಯೆಗಳು ತಾನಾಗಿಯೇ ಬರುತ್ತವೆ. ನ್ಯೂಯಾರ್ಕ್ ಯಾಂಕೀಸ್‌ನ ಜೋ ಡಿಮ್ಯಾಜಿಯೊ ಸತತ 56 ಪಂದ್ಯಗಳಲ್ಲಿ, ಪ್ರತಿ ಪಂದ್ಯಕ್ಕೂ ಒಂದಾದರೂ ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ಸೇರುವುದು) ಹೊಡೆದರು. ಬಾಸ್ಟನ್ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್ 0.406 ಸರಾಸರಿಯಲ್ಲಿ ಸೀಸನ್ ಮುಗಿಸಿದರು. ಕೊನೆಗೆ ಪತ್ರಕರ್ತರು ಮತ ಹಾಕಿದಾಗ ಅಮೆರಿಕನ್ ಲೀಗ್‌ನ ಎಂವಿಪಿ (ವರ್ಷದ ಅತಿ ಮೌಲ್ಯದ ಆಟಗಾರ) ಪ್ರಶಸ್ತಿ ಡಿಮ್ಯಾಜಿಯೊಗೆ ಹೋಯಿತು. ಅವರಿಗೆ 291 ಅಂಕ, ವಿಲಿಯಮ್ಸ್‌ಗೆ 254. ಆ ಜಗಳ ಇವತ್ತಿಗೂ ನಿಂತಿಲ್ಲ.

ಊರಲ್ಲಿದ್ದಾಗ ನಾನು ಕ್ರಿಕೆಟ್ ಕ್ಲಬ್ಬಿಗೆ ಸ್ಕೋರ್ ಬರೆಯುತ್ತಿದ್ದವನು. ಕೆಲಸಕ್ಕೆಂದು ಅಮೆರಿಕಕ್ಕೆ ಬಂದ ಮೇಲೆ ಬೇಸ್‌ಬಾಲ್ ಸ್ಕೋರ್‌ಶೀಟಿನ ಹುಚ್ಚು ಹಿಡಿಯಿತು. ಬೇರೆಯವರು ಮಾಡಿದ ಪಟ್ಟಿಗಳನ್ನು ಓದಿ ಓದಿ ಸಾಕಾಗಿ, 1941ರ ಮೊದಲ ಹತ್ತು ಆಟಗಾರರನ್ನು ನಾನೇ ಲೆಕ್ಕ ಹಾಕಿ ಆರಿಸೋಣ ಅಂತ ಕೂತೆ. ಹೇಗೆ ಮಾಡಿದೆ ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶುರುವಿಗೆ ಎರಡು ನಿಯಮ ಹಾಕಿಕೊಂಡೆ. ಒಂದು, ಆ ಒಂದು ಸೀಸನ್ ಮಾತ್ರ ಲೆಕ್ಕಕ್ಕೆ. ಹಿಂದೆ ಏನು ಮಾಡಿದ್ದರು, ಮುಂದೆ ಏನಾದರು ಅನ್ನೋದು ಬೇಡ. ಎರಡು, ಎಲ್ಲವನ್ನೂ ರನ್ನಿಗೆ ಇಳಿಸಬೇಕು. ಪಂದ್ಯ ಗೆಲ್ಲೋದು ರನ್ನಿಂದ. ಒಬ್ಬ ಬ್ಯಾಟರ್ ತಂಡಕ್ಕೆ ಎಷ್ಟು ರನ್ ತಂದ, ಒಬ್ಬ ಪಿಚರ್ (ಚೆಂಡು ಎಸೆಯುವವನು) ಎಷ್ಟು ರನ್ ತಡೆದ ಅನ್ನೋದು ಗೊತ್ತಾದರೆ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಹುದು.

ಅಂಕಿಅಂಶ ಸಿಗೋದು ಕಷ್ಟವೇನಲ್ಲ. ಲಾಹ್ಮನ್ ಡೇಟಾಬೇಸ್‌ನಲ್ಲಿ ಪ್ರತಿ ಆಟಗಾರನ ಪ್ರತಿ ವರ್ಷದ ಲೆಕ್ಕ ಉಚಿತವಾಗಿ ಸಿಗುತ್ತದೆ. ಅದರಿಂದ 1941 ಅನ್ನು ಬೇರೆ ಮಾಡಿ ಎಕ್ಸೆಲ್‌ಗೆ ಹಾಕಿಕೊಂಡೆ. ಆಮೇಲೆ ಪ್ರತಿ ಹೊಡೆತಕ್ಕೂ ಒಂದು ಬೆಲೆ ಕಟ್ಟಬೇಕು. ಪೀಟ್ ಪಾಮರ್ ಅನ್ನುವ ಸಂಖ್ಯಾತಜ್ಞರು ಇದನ್ನು ದಶಕಗಳ ಹಿಂದೆಯೇ ಮಾಡಿಟ್ಟಿದ್ದಾರೆ. ಒಂದು ಹೊಡೆತಕ್ಕೆ ಒಂದು ಬೇಸ್ ಸೇರಿದರೆ ಸಿಂಗಲ್, ಎರಡಾದರೆ ಡಬಲ್, ಮೂರಾದರೆ ಟ್ರಿಪಲ್, ಎಲ್ಲಾ ಬೇಸ್ ಸುತ್ತಿ ಬಂದರೆ ಹೋಮ್ ರನ್. ಸಿಂಗಲ್‌ಗೆ 0.46 ರನ್, ಡಬಲ್‌ಗೆ 0.80, ಟ್ರಿಪಲ್‌ಗೆ 1.02, ಹೋಮ್ ರನ್‌ಗೆ 1.40, ವಾಕ್‌ಗೆ 0.33. ಔಟಾದರೆ 0.25 ಕಳೆಯಬೇಕು. ಹೀಗೆ ಬರುವ ಮೊತ್ತ, ಆ ಬ್ಯಾಟರ್ ಸಾಧಾರಣ ಬ್ಯಾಟರ್‌ಗಿಂತ ಎಷ್ಟು ರನ್ ಜಾಸ್ತಿ ತಂದ ಅನ್ನೋದನ್ನು ಹೇಳುತ್ತದೆ.

ಈ ಪಟ್ಟಿಯಲ್ಲಿ ನನ್ನ ಕಣ್ಣು ನಿಂತಿದ್ದು ವಾಕ್ ಮೇಲೆ. ಬೇಸ್‌ಬಾಲ್ ಅಷ್ಟಾಗಿ ನೋಡದವರಿಗೆ ಹೇಳುತ್ತೇನೆ. ಪಿಚರ್ ಎಸೆದ ಚೆಂಡು ಸ್ಟ್ರೈಕ್ ಜೋನ್‌ನ (ಬ್ಯಾಟರ್ ಮುಂದೆ ಚೆಂಡು ಹಾದುಹೋಗಬೇಕಾದ ಜಾಗ) ಹೊರಗೆ ಹೋಗಿ, ಬ್ಯಾಟರ್ ಅದಕ್ಕೆ ಬ್ಯಾಟ್ ಬೀಸದೆ ಬಿಟ್ಟರೆ ಅದು ಬಾಲ್. ಅಂಥ ನಾಲ್ಕು ಬಾಲ್ ಆದರೆ ಬ್ಯಾಟರ್ ಆರಾಮಾಗಿ ಮೊದಲ ಬೇಸ್‌ಗೆ ನಡೆದುಕೊಂಡು ಹೋಗಬಹುದು, ಅದೇ ವಾಕ್. ಬ್ಯಾಟಿಂಗ್ ಸರಾಸರಿಯಲ್ಲಿ ಇದಕ್ಕೆ ಜಾಗವೇ ಇಲ್ಲ. ಸರಾಸರಿ ಅಂದರೆ ಹಿಟ್‌ಗಳನ್ನು ಅಟ್-ಬ್ಯಾಟ್‌ಗಳಿಂದ (ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿಗಳಿಂದ) ಭಾಗಿಸೋದು. ವಾಕ್ ಎರಡರಲ್ಲೂ ಸೇರುವುದಿಲ್ಲ, ಆ ಸರದಿ ನಡೆದೇ ಇಲ್ಲ ಅನ್ನುವ ಹಾಗೆ. ಆದರೆ ಒಬ್ಬ ಬೇಸ್ ಮೇಲೆ ನಿಂತಿದ್ದಾನೆ, ಅಲ್ವಾ? ಮುಂದಿನವನು ದೊಡ್ಡದಾಗಿ ಹೊಡೆದರೆ ಅವನೂ ಬೇಸ್‌ಗಳನ್ನು ಸುತ್ತಿ ಮನೆಗೆ ಬಂದು ರನ್ ತರುತ್ತಾನೆ. ರಾಹುಲ್ ದ್ರಾವಿಡ್ ಆಫ್ ಸ್ಟಂಪ್ ಆಚೆಯ ಚೆಂಡನ್ನು ಬಿಡುವುದನ್ನು ನೋಡಿ ಬೆಳೆದವರು ನಾವು. ಬಿಡೋದೂ ಬ್ಯಾಟಿಂಗೇ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

1941ರಲ್ಲಿ ವಿಲಿಯಮ್ಸ್ 147 ವಾಕ್ ಪಡೆದರು, ಡಿಮ್ಯಾಜಿಯೊ 76. ವಿಲಿಯಮ್ಸ್ 456 ಅಟ್-ಬ್ಯಾಟ್‌ನಲ್ಲಿ 185 ಹಿಟ್ ಹೊಡೆದರು. ಅದಕ್ಕೆ 147 ವಾಕ್, ಮೈಗೆ ಚೆಂಡು ತಗುಲಿ ಸಿಕ್ಕ 3 ಬೇಸ್ ಸೇರಿಸಿ ನೋಡಿ. ನೂರು ಸಲ ಬ್ಯಾಟ್ ಹಿಡಿದರೆ 55 ಸಲ ಅವರು ಬೇಸ್ ಮೇಲಿದ್ದರು. ಅಂದರೆ ಅರ್ಧಕ್ಕಿಂತ ಜಾಸ್ತಿ ಸಲ ಎದುರಾಳಿಗೆ ಅವರನ್ನು ಔಟ್ ಮಾಡಲಾಗಲಿಲ್ಲ. ಡಿಮ್ಯಾಜಿಯೊಗೆ ಅದು 44. ಅದೂ ಅದ್ಭುತವೇ. ಆದರೆ 55ರ ಪಕ್ಕ 44 ಸಣ್ಣದಾಗಿ ಕಾಣುತ್ತದೆ.

ಪಾಮರ್ ಬೆಲೆಗಳನ್ನು ಹಾಕಿ ಕೂಡಿದಾಗ ವಿಲಿಯಮ್ಸ್‌ಗೆ ಸುಮಾರು 114 ರನ್ ಬಂತು, ಡಿಮ್ಯಾಜಿಯೊಗೆ ಸುಮಾರು 77. ಅಂತರ 37 ರನ್. ಹತ್ತು ರನ್ ಹೆಚ್ಚಾದರೆ ತಂಡಕ್ಕೆ ಒಂದು ಗೆಲುವು ಜಾಸ್ತಿ ಅನ್ನೋದು ಒಂದು ಒರಟು ಲೆಕ್ಕ. ಆ ಪ್ರಕಾರ ಸುಮಾರು ನಾಲ್ಕು ಗೆಲುವಿನ ಅಂತರ.

ಇಲ್ಲಿಗೇ ನಿಲ್ಲಿಸಿದರೆ ಡಿಮ್ಯಾಜಿಯೊಗೆ ಅನ್ಯಾಯ. ಅವರು ಸೆಂಟರ್ ಫೀಲ್ಡ್‌ನಲ್ಲಿ ಆಡುತ್ತಿದ್ದರು. ಮೈದಾನದ ಹೊರವಲಯದಲ್ಲಿ ಅತಿ ಹೆಚ್ಚು ಓಡಬೇಕಾದ ಜಾಗ ಅದು. ವಿಲಿಯಮ್ಸ್ ಲೆಫ್ಟ್ ಫೀಲ್ಡ್, ಅದು ಸುಲಭದ ಜಾಗ. ಈ ಸ್ಥಾನದ ವ್ಯತ್ಯಾಸಕ್ಕೆ ಹತ್ತು ರನ್ ಕೊಟ್ಟೆ. ಡಿಮ್ಯಾಜಿಯೊ ಚೆಂಡು ಹಿಡಿಯುವುದರಲ್ಲೂ, ಬೇಸ್ ಓಡುವುದರಲ್ಲೂ ಮೇಲು, ಅದಕ್ಕೆ ಇನ್ನು ಹತ್ತು. ಮೈದಾನದ ಲೆಕ್ಕವೂ ಇದೆ. ಯಾಂಕೀ ಸ್ಟೇಡಿಯಂನಲ್ಲಿ ಲೆಫ್ಟ್-ಸೆಂಟರ್ ಗೋಡೆ 450 ಅಡಿಗೂ ಆಚೆ ಇತ್ತು. ಬಲಗೈ ಬ್ಯಾಟರ್ ಆದ ಡಿಮ್ಯಾಜಿಯೊ ಹೊಡೆದ ಎಷ್ಟೋ ಚೆಂಡುಗಳು ಅಲ್ಲಿ ಕ್ಯಾಚ್ ಆಗಿ ಮುಗಿಯುತ್ತಿದ್ದವು. ಫೆನ್‌ವೇ ಪಾರ್ಕ್‌ನಲ್ಲಿ 1940ರಲ್ಲಿ ರೈಟ್ ಫೀಲ್ಡ್ ಕಡೆ ಬುಲ್‌ಪೆನ್ (ಪಿಚರ್‌ಗಳು ಅಭ್ಯಾಸ ಮಾಡುವ ಜಾಗ) ಕಟ್ಟಿದ್ದರಿಂದ ಬೌಂಡರಿ ಹತ್ತಿರವಾಯಿತು. ಎಡಗೈ ಬ್ಯಾಟರ್ ವಿಲಿಯಮ್ಸ್‌ಗೆ ಅದು ಅನುಕೂಲ. ಇದಕ್ಕೆ ಐದಾರು ರನ್. ಎಲ್ಲಾ ಕಳೆದ ಮೇಲೂ ವಿಲಿಯಮ್ಸ್ ಹತ್ತು ರನ್ನಿಗಿಂತ ಜಾಸ್ತಿ ಮುಂದಿದ್ದರು.

ಪಟ್ಟಿ ಕಳಿಸಿದ ತಕ್ಷಣ ಯಾಂಕೀಸ್ ಅಭಿಮಾನಿಯಾದ ನನ್ನ ಹಾಸನದ ಗೆಳೆಯ ಫೋನ್ ಮಾಡಿದ. "ಏನ್ ಮಾರಾಯ, 56 ಪಂದ್ಯ ಸತತ ಹೊಡೆದವನನ್ನ ಎರಡನೇ ಸ್ಥಾನಕ್ಕೆ ಹಾಕಿದ್ದೀಯಲ್ಲೋ! ಆ ದಾಖಲೆಗೆ ಬೆಲೆನೇ ಇಲ್ವಾ?"

ಅವನ ಪ್ರಶ್ನೆ ಸರಿಯಾದದ್ದೇ. ಅದಕ್ಕೇ ಆ 56 ಪಂದ್ಯಗಳನ್ನು ಬೇರೆಯಾಗಿ ತೆಗೆದು ನೋಡಿದೆ. ಮೇ 15ರಿಂದ ಜುಲೈ 16ರವರೆಗೆ ಡಿಮ್ಯಾಜಿಯೊ 223 ಅಟ್-ಬ್ಯಾಟ್‌ನಲ್ಲಿ 91 ಹಿಟ್ ಹೊಡೆದರು, ಸರಾಸರಿ 0.408. ಅದೇ ದಿನಗಳಲ್ಲಿ ವಿಲಿಯಮ್ಸ್ ಸರಾಸರಿ 0.412. ಒಬ್ಬರ ಹಿಟ್‌ಗಳು ದಿನಕ್ಕೊಂದರಂತೆ ಹರಡಿಕೊಂಡು ಬಿದ್ದವು, ಇನ್ನೊಬ್ಬರದು ಹಾಗೆ ಬೀಳಲಿಲ್ಲ.

ಜುಲೈ 17ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಆ ಸರಣಿ ಮುರಿಯಿತು. ನೋಡೋಕೆ 67 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಥರ್ಡ್ ಬೇಸ್‌ನಲ್ಲಿದ್ದ ಕೆನ್ ಕೆಲ್ಟ್‌ನರ್ ಎರಡು ಸಲ ಡಿಮ್ಯಾಜಿಯೊ ಹೊಡೆತ ಹಿಡಿದು ಔಟ್ ಮಾಡಿದರು. ಎಂಟನೇ ಇನ್ನಿಂಗ್ಸ್‌ನಲ್ಲಿ ಬೇಸ್‌ಗಳು ತುಂಬಿದ್ದಾಗ ಚೆಂಡು ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಕೈಗೆ ಹೋಗಿ ಡಬಲ್ ಪ್ಲೇ, ಅಂದರೆ ಒಂದೇ ಹೊಡೆತಕ್ಕೆ ಇಬ್ಬರು ಔಟ್, ಆಯಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದೇ ಪಂದ್ಯದ ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಡಿಮ್ಯಾಜಿಯೊ ವಾಕ್ ಪಡೆದು ಬೇಸ್‌ಗೆ ಹೋಗಿದ್ದರು. ತಂಡದ ದೃಷ್ಟಿಯಿಂದ ಅವತ್ತು ಅವರು ಬರಿಗೈಯಲ್ಲಿ ವಾಪಸ್ ಬರಲಿಲ್ಲ. ಸರಣಿಯ ನಿಯಮಕ್ಕೆ ಮಾತ್ರ ಅದು ಕಾಣಲಿಲ್ಲ. ಮರುದಿನದಿಂದ ಮತ್ತೆ 16 ಪಂದ್ಯ ಸತತ ಹಿಟ್ ಹೊಡೆದರು! ನನಗೆ ಡಿಮ್ಯಾಜಿಯೊ ಮೇಲೆ ಅಪಾರ ಗೌರವ. ಆ ದಾಖಲೆ ಬೇಸ್‌ಬಾಲ್‌ನ ಅತಿ ಸುಂದರ ಸಂಗತಿಗಳಲ್ಲಿ ಒಂದು. ಆದರೆ ಸುಂದರವಾದದ್ದಕ್ಕೆಲ್ಲ ರನ್ ಕೊಡೋಕಾಗಲ್ಲ.

ಇದೇ ಕಾರಣಕ್ಕೆ ವಿಲಿಯಮ್ಸ್‌ರ ಕೊನೆಯ ದಿನಕ್ಕೂ ನಾನು ಹೆಚ್ಚುವರಿ ಅಂಕ ಕೊಡಲಿಲ್ಲ. ಸೆಪ್ಟೆಂಬರ್ 28ರ ಬೆಳಿಗ್ಗೆ ಅವರದು 448ಕ್ಕೆ 179 ಹಿಟ್, ಅಂದರೆ 0.39955. ದುಂಡಾಗಿಸಿದರೆ 0.400. ಬೇಕಿದ್ದರೆ ಕೂರಬಹುದು ಎಂದರು ಮ್ಯಾನೇಜರ್ ಜೋ ಕ್ರೋನಿನ್. ವಿಲಿಯಮ್ಸ್ ಕೂರಲಿಲ್ಲ. ಫಿಲಡೆಲ್ಫಿಯಾದ ಶೈಬ್ ಪಾರ್ಕ್‌ನಲ್ಲಿ ಅವತ್ತು ಎರಡು ಪಂದ್ಯ, ಎರಡನ್ನೂ ಆಡಿ 8ಕ್ಕೆ 6 ಹಿಟ್ ಹೊಡೆದರು. ಓದುವಾಗಲೆಲ್ಲ ರೋಮಾಂಚನ ಆಗುತ್ತದೆ. ಶೀಟಿನಲ್ಲಿ ಮಾತ್ರ ಆ ಆರು ಹಿಟ್‌ಗಳಿಗೂ ಬೇರೆ ಹಿಟ್‌ಗಳಿಗಿದ್ದ ಬೆಲೆಯೇ.

ಪಿಚರ್‌ಗಳ ಕಡೆ ಬಂದಾಗ ನನಗೆ ದೊಡ್ಡ ಅಚ್ಚರಿ ಕಾದಿತ್ತು. 1941ರ ಪಿಚರ್ ಅಂದರೆ ಎಲ್ಲರ ಬಾಯಲ್ಲೂ ಬಾಬ್ ಫೆಲ್ಲರ್. 25 ಗೆಲುವು, 260 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), 343 ಇನ್ನಿಂಗ್ಸ್. ಎಂವಿಪಿ ಮತದಲ್ಲಿ ಅವರೇ ಮೂರನೆಯವರು. ಆದರೆ ಒಂಬತ್ತು ಇನ್ನಿಂಗ್ಸ್‌ಗೆ ಅವರು ಬಿಟ್ಟುಕೊಟ್ಟ ರನ್, ಫೀಲ್ಡರ್‌ಗಳ ತಪ್ಪಿನಿಂದ ಬಂದದ್ದನ್ನು ಬಿಟ್ಟು, 3.15. ಇದನ್ನೇ ಇಆರ್‌ಎ ಅನ್ನುತ್ತಾರೆ. ಲೀಗ್‌ನ ಸರಾಸರಿ ನಾಲ್ಕಕ್ಕೂ ತುಸು ಮೇಲೆ. ಲೆಕ್ಕ ಹಾಕಿದರೆ ಫೆಲ್ಲರ್ ತಡೆದದ್ದು 40 ರನ್ನಿಗೂ ಸ್ವಲ್ಪ ಕಡಿಮೆ. ಕಾರಣ ಮತ್ತೆ ಅದೇ ವಾಕ್. ಅವರು ಆ ವರ್ಷ 194 ಜನರನ್ನು ಹಾಗೆ ಬೇಸ್‌ಗೆ ಕಳಿಸಿದ್ದರು.

ಶೀಟನ್ನು ವಿಂಗಡಿಸಿದಾಗ ಮೇಲೆ ಬಂದ ಹೆಸರು ಥಾರ್ನ್‌ಟನ್ ಲೀ. ಚಿಕಾಗೊ ವೈಟ್ ಸಾಕ್ಸ್‌ನ ಎಡಗೈ ಪಿಚರ್, 34ರ ವಯಸ್ಸು. 300 ಇನ್ನಿಂಗ್ಸ್, ಇಆರ್‌ಎ 2.37, ಶುರು ಮಾಡಿ ತಾನೇ ಮುಗಿಸಿದ ಪಂದ್ಯಗಳು 30. ತಡೆದ ರನ್ 60ರ ಹತ್ತಿರ. ಚಿಕಾಗೊ ಮೈದಾನ ಪಿಚರ್‌ಗಳಿಗೆ ಒಲಿಯುತ್ತಿತ್ತು ಅಂತ ಸ್ವಲ್ಪ ಕಳೆದರೂ ಫೆಲ್ಲರ್‌ಗಿಂತ ಬಹಳ ಮುಂದೆ. ಅವರ ತಂಡ 77 ಗೆದ್ದು 77 ಸೋತ ಸಾಧಾರಣ ತಂಡ. ಲೀ ಹೆಸರು ಇವತ್ತು ಎಷ್ಟು ಜನರಿಗೆ ಗೊತ್ತು? ಅವರನ್ನು ಮೂರನೇ ಸ್ಥಾನಕ್ಕೆ ಹಾಕುವಾಗ ನನಗೆ ಆದ ಖುಷಿ ಬೇರೆ ಯಾವ ಹೆಸರಿಗೂ ಆಗಲಿಲ್ಲ.

ನಾಲ್ಕನೆಯವರು ಇನ್ನೊಂದು ದೊಡ್ಡ ಲೀಗ್ ಆದ ನ್ಯಾಷನಲ್ ಲೀಗ್‌ನ ಪೀಟ್ ರೈಸರ್. ಬ್ರೂಕ್ಲಿನ್ ಡಾಡ್ಜರ್ಸ್‌ನ 22ರ ಹುಡುಗ. 0.343 ಸರಾಸರಿ, 17 ಟ್ರಿಪಲ್, 117 ರನ್, ಎಲ್ಲದರಲ್ಲೂ ಆ ಲೀಗ್‌ಗೆ ಮೊದಲಿಗ. ಎಂವಿಪಿ ಮಾತ್ರ ಅವರದೇ ತಂಡದ ಡಾಲ್ಫ್ ಕ್ಯಾಮಿಲಿಗೆ ಹೋಯಿತು. ಕ್ಯಾಮಿಲಿ 34 ಹೋಮ್ ರನ್ ಹೊಡೆದಿದ್ದರು, ಬರೀ ಬ್ಯಾಟಿನಲ್ಲಿ ತುಸು ಮುಂದಿದ್ದರು. ಆದರೆ ಅವರದು ಫಸ್ಟ್ ಬೇಸ್, ರೈಸರ್‌ದು ಸೆಂಟರ್ ಫೀಲ್ಡ್. ಅಲ್ಲಿಗೆ ರೈಸರ್ ಮೇಲೆ ಬಂದರು.

ನಿಯಮ ಪಾಲಿಸೋದು ಕಷ್ಟವಾಗಿದ್ದು ಸೆಸಿಲ್ ಟ್ರಾವಿಸ್ ವಿಷಯದಲ್ಲಿ. ವಾಷಿಂಗ್ಟನ್ ಸೆನೆಟರ್ಸ್‌ನ ಶಾರ್ಟ್‌ಸ್ಟಾಪ್. ಆ ವರ್ಷ ಅಮೆರಿಕನ್ ಲೀಗ್‌ನಲ್ಲಿ ಅತಿ ಹೆಚ್ಚು ಹಿಟ್ ಹೊಡೆದದ್ದು ಡಿಮ್ಯಾಜಿಯೊನೂ ಅಲ್ಲ, ವಿಲಿಯಮ್ಸೂ ಅಲ್ಲ, ಟ್ರಾವಿಸ್. 218 ಹಿಟ್. ಸರಾಸರಿ 0.359, ಅದೂ ಡಿಮ್ಯಾಜಿಯೊಗಿಂತ ಎರಡು ಪಾಯಿಂಟ್ (0.002) ಜಾಸ್ತಿ. ಆಮೇಲೆ ಸೈನ್ಯಕ್ಕೆ ಹೋದರು. ಯುರೋಪಿನ ಚಳಿಗಾಲದ ಯುದ್ಧದಲ್ಲಿ ಕಾಲು ಹಿಮಕ್ಕೆ ಸಿಕ್ಕಿ ನೊಂದಿತು. ವಾಪಸ್ ಬಂದ ಮೇಲೆ ಆ ಹಳೆಯ ಆಟ ಬರಲೇ ಇಲ್ಲ. ಇಂಥವರಿಗೆ ಒಂದೆರಡು ಸ್ಥಾನ ಮೇಲೆ ಕೊಡಬೇಕು ಅಂತ ಮನಸ್ಸು ಎಳೆಯುತ್ತದೆ. ಕೊಡಲಿಲ್ಲ. ಐದನೇ ಸ್ಥಾನ ಅವರು ಬ್ಯಾಟಿನಿಂದಲೂ ಶಾರ್ಟ್‌ಸ್ಟಾಪ್ ಆಟದಿಂದಲೂ ದುಡಿದು ಪಡೆದದ್ದು, ದಾನ ಕೊಟ್ಟದ್ದಲ್ಲ.

ಪಟ್ಟಿಯ ತಲೆಬರಹದಲ್ಲಿ ನಾನು "ಅಮೆರಿಕನ್ ಮತ್ತು ನ್ಯಾಷನಲ್ ಲೀಗ್" ಎಂದು ಸ್ಪಷ್ಟವಾಗಿ ಬರೆದೆ. ಆಗ ಕಪ್ಪು ಆಟಗಾರರಿಗೆ ಈ ಎರಡು ಲೀಗ್‌ಗಳ ಬಾಗಿಲು ಮುಚ್ಚಿತ್ತು. ಅವರು ಆಡುತ್ತಿದ್ದ ನೀಗ್ರೋ ಲೀಗ್‌ಗಳನ್ನೂ ಮೇಜರ್ (ಅತಿ ಮೇಲಿನ ಮಟ್ಟದ) ಲೀಗ್ ಎಂದು ಒಪ್ಪಿಕೊಂಡದ್ದು 2020ರಲ್ಲಿ, ಅವರ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದ್ದು 2024ರಲ್ಲಿ. ಆ ಕಾಲದ ಮಹಾನ್ ಬ್ಯಾಟರ್ ಜಾಶ್ ಗಿಬ್ಸನ್ 1941ರಲ್ಲಿ ಮೆಕ್ಸಿಕೋದ ವೆರಾಕ್ರೂಸ್ ತಂಡಕ್ಕೆ ಆಡುತ್ತಾ 33 ಹೋಮ್ ರನ್ ಹೊಡೆದರು. ಅಂಥವರನ್ನು ಬಿಟ್ಟ ಪಟ್ಟಿಗೆ "ಜಗತ್ತಿನ ಶ್ರೇಷ್ಠರು" ಅಂತ ಹೆಸರಿಡೋದು ಸುಳ್ಳು.

ಆರರಿಂದ ಎಂಟರವರೆಗೆ ಯಾಂಕೀಸ್‌ನ ಚಾರ್ಲಿ ಕೆಲ್ಲರ್, ಕ್ಯಾಮಿಲಿ, ಕ್ಲೀವ್‌ಲ್ಯಾಂಡ್‌ನ ಜೆಫ್ ಹೀತ್. ಹೀತ್ ಆ ವರ್ಷ 32 ಡಬಲ್, 20 ಟ್ರಿಪಲ್, 24 ಹೋಮ್ ರನ್ ಹೊಡೆದವರು. ಒಂಬತ್ತು, ಹತ್ತಕ್ಕೆ ಬ್ರೂಕ್ಲಿನ್ ಪಿಚರ್ ವಿಟ್ ವಯಟ್ ಮತ್ತು ಫೆಲ್ಲರ್. ರೈಸರ್‌ನಿಂದ ಹೀತ್‌ವರೆಗಿನ ಐದೂ ಬ್ಯಾಟರ್‌ಗಳು ಪಾಮರ್ ಲೆಕ್ಕದಲ್ಲಿ ಹೆಚ್ಚುಕಮ್ಮಿ 50ರಿಂದ 60 ರನ್ ಒಳಗೇ ಇದ್ದಾರೆ. ಅಷ್ಟು ಸಣ್ಣ ಅಂತರದಲ್ಲಿ ಯಾರಾದರೂ ಕ್ರಮ ಬದಲಿಸಿದರೆ ನಾನು ವಾದಕ್ಕೆ ಹೋಗುವುದಿಲ್ಲ. ಮೊದಲ ಎರಡು ಸ್ಥಾನದ ಬಗ್ಗೆ ಮಾತ್ರ ಹಾಸನದ ಗೆಳೆಯನ ಜೊತೆ ವಾದ ಇನ್ನೂ ನಡೀತಾ ಇದೆ. ಈ ಸಲ 1942ರ ಶೀಟನ್ನು ಅವನೇ ಮಾಡುತ್ತಿದ್ದಾನೆ.